ಕೊನೇ ಮೀಟರಿನ ಭಕ್ತರು

2008ರಲ್ಲಿ ಡೆನಾನ್ ಎಂಬ ಜಪಾನಿನ ಆಡಿಯೋ ಕಂಪನಿ ಒಂದೂವರೆ ಮೀಟರ್ ಉದ್ದದ ಕೇಬಲ್ ಒಂದನ್ನು ಮಾರುಕಟ್ಟೆಗೆ ಬಿಟ್ಟಿತು. ಆಫೀಸಿನ ಕಂಪ್ಯೂಟರಿನ ಹಿಂದೆ ಚುಚ್ಚಿರುತ್ತದಲ್ಲ, ಅದೇ ಎಂಟು ಹಲ್ಲಿನ ಪ್ಲಗ್ಗು ಎರಡೂ ತುದಿಗೆ. ಬೆಲೆ 499 ಡಾಲರ್. ಇಷ್ಟೇ ಆಗಿದ್ದರೆ ದುಬಾರಿ ಎಂದು ಮೂಗು ಮುರಿದು ಸುಮ್ಮನಾಗಬಹುದಿತ್ತು. ಆದರೆ ಕೇಬಲ್ಲಿನ ಮೈಮೇಲೆ ಬಾಣದ ಗುರುತಿತ್ತು. ಸಂಗೀತ ಯಾವ ಕಡೆಯಿಂದ ಯಾವ ಕಡೆಗೆ ಹರಿಯಬೇಕೆಂದು ತಂತಿಗೂ ತಿಳಿದಿರಲಿ ಅಂತ. ಲೋಕ ಬಿದ್ದೂ ಬಿದ್ದೂ ನಕ್ಕಿತು. ನಕ್ಕು ಸುಸ್ತಾಗಿ ಸುಮ್ಮನಾಯಿತು. ಬಾಣ ಮಾತ್ರ ಉಳಿದುಕೊಂಡಿತು. 2015ರ ಹೊತ್ತಿಗೆ ಆಡಿಯೋಕ್ವೆಸ್ಟ್ ಎಂಬ ಅಮೆರಿಕನ್ ಕಂಪನಿಯ ‘ಡೈಮಂಡ್’ ಹೆಸರಿನ ಈಥರ್ನೆಟ್ ಕೇಬಲ್, ಹನ್ನೆರಡು ಮೀಟರಿಗೆ ಹತ್ತು ಸಾವಿರ ಡಾಲರ್ ದಾಟಿತ್ತು. ನಗುವವರ ಕೈಯಲ್ಲಿ ಕೊಳ್ಳುವ ದುಡ್ಡಿರಲಿಲ್ಲ, ಕೊಳ್ಳುವವರಿಗೆ ನಗುವ ಪುರುಸೊತ್ತಿರಲಿಲ್ಲ.

ಬಾಣದ ಸಂಗತಿಯನ್ನು ಸ್ವಲ್ಪ ಬಿಡಿಸಿ ನೋಡಬೇಕು, ಯಾಕೆಂದರೆ ಈ ವ್ಯಾಪಾರದ ಮೂಲ ಬಂಡವಾಳವೇ ಅದು. ನೆಟ್‌ವರ್ಕ್ ತಂತಿಯಲ್ಲಿ ಮಾತುಕತೆ ಎರಡೂ ಕಡೆಗೆ ನಡೆಯುತ್ತದೆ. ಗಿಗಾಬಿಟ್ ವೇಗದಲ್ಲಾದರೆ ನಾಲ್ಕು ಜೋಡಿ ತಂತಿಯಲ್ಲೂ ಹೋಗುವುದು, ಬರುವುದು ಏಕಕಾಲಕ್ಕೆ, ನಮ್ಮೂರಿನ ಒನ್‌ವೇ ರಸ್ತೆಯಲ್ಲಿ ಎದುರಿಗೇ ನುಗ್ಗಿ ಬರುವ ಸ್ಕೂಟರುಗಳ ಹಾಗೆ. ಹಾಡಿನ ಕಂತು ಬಂದು ತಲುಪಿದರೆ ‘ಬಂತು ಸ್ವಾಮಿ’ ಎಂದು, ನೆಟ್‌ವರ್ಕಿನಿಂದ ಹಾಡು ತರಿಸಿ ನುಡಿಸುವ ಸ್ಟ್ರೀಮರ್ ಎಂಬ ಪೆಟ್ಟಿಗೆ ರಸೀತಿ ಬರೆದು ವಾಪಸ್ ಕಳಿಸಬೇಕು. ರಸೀತಿ ಹೋಗದಿದ್ದರೆ ಅತ್ತ ಕಡೆಯವನು ಮುಂದಿನ ಕಂತನ್ನು ತಡೆಹಿಡಿಯುತ್ತಾನೆ. ಬಾಣಕ್ಕೆ ಮರ್ಯಾದೆ ಕೊಟ್ಟು ಕೇಬಲ್ಲು ನಿಜಕ್ಕೂ ಒಂದೇ ದಿಕ್ಕಿಗೆ ಹರಿಸಿತು ಅನ್ನಿ, ಕಛೇರಿ ಷಡ್ಜ ಹಿಡಿಯುವ ಮುಂಚೆಯೇ ಮಂಗಳ ಹಾಡಬೇಕಾಗುತ್ತದೆ.

ಲೆಕ್ಕವೂ ಬಡಪಾಯಿ ಕೇಬಲ್ಲಿನ ಪರವಾಗಿಯೇ ಇದೆ. ಸಿ.ಡಿ. ಗುಣಮಟ್ಟದ ಸ್ಟೀರಿಯೋ ಹಾಡಿಗೆ ಸೆಕೆಂಡಿಗೆ ಸುಮಾರು 14 ಲಕ್ಷ ಬಿಟ್ ಸಾಕು. ಅದಕ್ಕಿಂತ ಮೇಲಿನದು, 24 ಬಿಟ್ 192 ಕಿಲೋಹರ್ಟ್ಸ್ ಎಂದು ಎದೆಯುಬ್ಬಿಸಿ ಹೇಳಿಕೊಳ್ಳುತ್ತಾರಲ್ಲ, ಅದಕ್ಕೆ 92 ಲಕ್ಷ. ಪೇಟೆಯಲ್ಲಿ ಮೀಟರ್ ಲೆಕ್ಕದಲ್ಲಿ ಕತ್ತರಿಸಿ ಕೊಡುವ ಕ್ಯಾಟ್-5ಇ ತಂತಿ ನೂರು ಮೀಟರ್ ದೂರಕ್ಕೆ ಸೆಕೆಂಡಿಗೆ 100 ಕೋಟಿ ಬಿಟ್ ಸಾಗಿಸುತ್ತದೆ. ಏಳುನೂರು ಸಿ.ಡಿ.ಗಳನ್ನು ಒಟ್ಟಿಗೆ ಹೊರಬಲ್ಲ ಆಳಿಗೆ ಒಂದು ಸಿ.ಡಿ. ಹೊರಿಸಿ, ಇವನ ಕಾಲು ನಡುಗುತ್ತಿದೆ, ಬೆಳ್ಳಿಯ ಊರುಗೋಲು ಕೊಡಿ ಅನ್ನುವುದು ಈ ಶಾಸ್ತ್ರ. ಹೊತ್ತದ್ದು ದಾರಿಯಲ್ಲಿ ಚೆಲ್ಲಿದರೆ? ಅದಕ್ಕೂ ಏರ್ಪಾಡಿದೆ. ಪ್ರತಿಯೊಂದು ಕಂತಿನ ಬಾಲಕ್ಕೆ 32 ಬಿಟ್‌ಗಳ ತಾಳೆಪಟ್ಟಿ ಅಂಟಿಸಿರುತ್ತಾರೆ. ತಾಳೆಯಾಗದ ಕಂತನ್ನು ಹೊರಗೆ ಬಿಸಾಡಿ ಇನ್ನೊಂದು ಪ್ರತಿ ತರಿಸಿಕೊಳ್ಳುತ್ತಾರೆ. ಬಂದರೆ ಪೂರ್ತಿ ಬರುತ್ತದೆ, ಬರದಿದ್ದರೆ ಹಾಡು ಕಡಿದು ನಿಲ್ಲುತ್ತದೆ. ನಿಷಾದ ಸ್ವಲ್ಪ ಮಂಕಾಗುವುದು, ತಂಬೂರಿಯ ನಾದ ಒಂದಿಷ್ಟು ತೆಳ್ಳಗಾಗುವುದು, ಇಂಥ ಮಧ್ಯಮ ಮಾರ್ಗಕ್ಕೆ ಈ ವ್ಯವಸ್ಥೆಯಲ್ಲಿ ಜಾಗವನ್ನೇ ಇಟ್ಟಿಲ್ಲ.

ನಂಬಿಕೆ ಬಾರದವರು ಹಾಡು ನಡೆಯುತ್ತಿರುವಾಗ ಕೇಬಲ್ ಕಿತ್ತು ಕೈಯಲ್ಲಿ ಹಿಡಿದುಕೊಳ್ಳಲಿ. ಬಹುತೇಕ ಸ್ಟ್ರೀಮರುಗಳು ಮುಂದಿನ ಒಂದಷ್ಟು ಹೊತ್ತಿನ ಹಾಡನ್ನು ಮೊದಲೇ ತರಿಸಿ ತಮ್ಮ ಮೆಮೊರಿಯಲ್ಲಿ ಕೂಡಿಟ್ಟಿರುತ್ತವೆ. ಕೇಬಲ್ ಕೈಯಲ್ಲಿ ಜೋತಾಡುತ್ತಿರುತ್ತದೆ, ಹಾಡು ತನ್ನ ಪಾಡಿಗೆ ನಡೆಯುತ್ತಿರುತ್ತದೆ. ಆ ಹೊತ್ತಿನಲ್ಲಿ ಬೇಸ್ ಕುಗ್ಗಿತೇ, ವಾದ್ಯಗಳು ಎಲ್ಲೆಲ್ಲಿ ಕೂತಿವೆಯೆಂದು ಕಿವಿ ಕಲ್ಪಿಸಿಕೊಳ್ಳುವ ‘ವೇದಿಕೆ’ ಕಿರಿದಾಯಿತೇ ಎಂದು ರಸಿಕರನ್ನು ಕೇಳಿ ನೋಡಿ. ಅವರು ಕೇಬಲ್ಲನ್ನು ವಾಪಸ್ ಚುಚ್ಚಿ, ನಿಮ್ಮನ್ನು ಮತ್ತೆ ಮನೆಗೆ ಕರೆಯುವುದಿಲ್ಲ.

ಪರೀಕ್ಷೆಯೂ ಆಗಿದೆ ಅನ್ನಿ. 2015ರಲ್ಲಿ ಲಾಸ್ ವೇಗಸ್‌ನಲ್ಲಿ, ಪವಾಡ ಬಯಲಿಗೆಳೆಯುವ ಜೇಮ್ಸ್ ರ‍್ಯಾಂಡಿಯ ಪ್ರತಿಷ್ಠಾನದ ನೆರವಿನಿಂದ ಆರ್ಸ್ ಟೆಕ್ನಿಕಾ ಪತ್ರಿಕೆಯವರು 340 ಡಾಲರಿನ ಕೇಬಲ್ಲನ್ನೂ ಚಿಲ್ಲರೆ ಕಾಸಿನ ಕೇಬಲ್ಲನ್ನೂ ಮರೆಯಲ್ಲಿಟ್ಟು ಜನರಿಗೆ ಕೇಳಿಸಿದರು. ಯಾವುದು ಯಾವುದೆಂದು ಗುರುತಿಸಲು ಕೇಳುಗರಿಗೆ ಆಗಲಿಲ್ಲ. ಬೆಂಕಿ ಉಗುಳುವ ಬಾಬಾಗಳನ್ನು, ಚಮಚ ಬಗ್ಗಿಸುವ ಯೂರಿ ಗೆಲ್ಲರ್‌ನನ್ನು ಬೆನ್ನತ್ತಿದ ಪರಂಪರೆ ಕೊನೆಗೆ ಲ್ಯಾನ್ ಕೇಬಲ್ಲಿನ ಬೆನ್ನು ಹತ್ತಬೇಕಾಯಿತು ಎಂಬುದೇ ಈ ಪದಾರ್ಥ ಯಾವ ಅಂಗಡಿಯ ಸರಕು ಎಂದು ಹೇಳುತ್ತದೆ.

ಭಕ್ತರ ಬಳಿ ಇದಕ್ಕೂ ಉತ್ತರವಿದೆ, ಮತ್ತು ಅದರಲ್ಲಿ ಒಂದು ಗುಲಗಂಜಿಯಷ್ಟು ಹುರುಳೂ ಇದೆ. ಬಿಟ್‌ಗಳು ಸರಿಯಾಗಿಯೇ ಬರುತ್ತವೆ ಸಾರ್, ಅವುಗಳ ಜೊತೆ ಕರೆಂಟಿನ ಗಲೀಜೂ ತಂತಿ ಹಿಡಿದು ಬಂದು ಆಂಪ್ಲಿಫೈಯರನ್ನು ಕೆಡಿಸುತ್ತದೆ ಎನ್ನುತ್ತಾರೆ. ಆಗಬಹುದು. ಆದರೆ ಈಥರ್ನೆಟ್ ಮಾಡಿದವರು ಇದನ್ನು ಮೊದಲೇ ಯೋಚಿಸಿ, ಪ್ರತಿ ಪೋರ್ಟಿನ ಒಳಗೂ ಪುಟ್ಟ ಟ್ರಾನ್ಸ್‌ಫಾರ್ಮರ್ ಕೂರಿಸಿ, ಅತ್ತಲ ತಾಮ್ರ ಇತ್ತಲ ತಾಮ್ರವನ್ನು ಮುಟ್ಟದ ಹಾಗೆ ಮಾಡಿದ್ದಾರೆ. ಕವಚವಿಲ್ಲದ ಅಗ್ಗದ ಕೇಬಲ್ಲಿನಲ್ಲಿ ಈ ಮಡಿ ಭದ್ರವಾಗಿರುತ್ತದೆ. ಅದನ್ನು ಮುರಿಯುವುದು ಯಾವುದು ಗೊತ್ತೇ? ಎರಡೂ ತುದಿಗೆ ಫಳಫಳ ಲೋಹದ ಪ್ಲಗ್ಗು, ಮೈತುಂಬ ಲೋಹದ ಜಾಲರಿ ಹೊದ್ದ ದುಬಾರಿ ಕೇಬಲ್ಲು. ಅದರ ಜಾಲರಿ ಈ ಪೆಟ್ಟಿಗೆಯ ಮೈಯನ್ನು ಆ ಪೆಟ್ಟಿಗೆಯ ಮೈಗೆ ಜೋಡಿಸಿಬಿಡುತ್ತದೆ, ಎರಡರ ಅರ್ತಿಂಗ್ ನಡುವೆ ಒಂದು ಸುತ್ತು ಏರ್ಪಡುತ್ತದೆ, ಸ್ಪೀಕರಿನಲ್ಲಿ 50 ಹರ್ಟ್ಸ್‌ನ ಗುಂಯ್ ಶುರುವಾಗುತ್ತದೆ. ಆ ಗುಂಯ್ ಹೋಗಲಾಡಿಸಲು ಇನ್ನೊಂದು ಡಬ್ಬಿ ಮಾರುತ್ತಾರೆ. ಅಷ್ಟು ಭಯವಿದ್ದವರು ನಡುವೆ ನಾಲ್ಕು ಅಡಿ ಫೈಬರ್ ಹಾಕಿಕೊಂಡರೆ ಮುಗಿಯಿತು; ಗಾಜಿನಲ್ಲಿ ಕರೆಂಟು ಹರಿಯುವುದಿಲ್ಲ, ಖರ್ಚು ಕೆಲವು ಸಾವಿರ. ಆದರೆ ಅದರಲ್ಲಿ ಭಕ್ತಿಗೆ ಅವಕಾಶವಿಲ್ಲ. ಹಾಗಾಗಿ ಕೇಬಲ್ ನೆಲ ಮುಟ್ಟದಿರಲೆಂದು ಪಿಂಗಾಣಿಯ ಪುಟ್ಟ ಪೀಠಗಳು ಬಂದಿವೆ. ಹೊಸ ಕೇಬಲ್ಲು ‘ಪಳಗಲು’ ನೂರಾರು ಗಂಟೆ ಸಂಗೀತ ಹರಿಸಬೇಕೆಂಬ ವ್ರತ ಬಂದಿದೆ. ವ್ರತ ಮುಗಿಯುವ ಹೊತ್ತಿಗೆ ಸರಿಯಾಗಿ ಕೇಬಲ್ ವಾಪಸ್ ಕೊಡುವ ಅವಧಿಯೂ ಮುಗಿದಿರುತ್ತದೆ.

ಈಗ ನಮ್ಮ ಊರಿಗೆ ಬನ್ನಿ.

ಬೆಂಗಳೂರಿನ ರಸಿಕರೊಬ್ಬರ ಹಜಾರಕ್ಕೆ ಹಾಡು ಬರುವ ದಾರಿಯನ್ನು ಹಿಂದುಮುಂದಾಗಿ ನಡೆದು ನೋಡೋಣ. ಸ್ಟ್ರೀಮರಿನ ಹಿಂದೆ ಬೆಳ್ಳಿ ಲೇಪದ ಬಾಣದ ಕೇಬಲ್ಲು, ಒಂದು ಮೀಟರ್. ಅದರಾಚೆ ಗೋಡೆಯೊಳಗಿನ ತಂತಿ, ಅದು ಮುಗಿದಲ್ಲಿ ಇಂಟರ್‌ನೆಟ್ ಕಂಪನಿಯವನು ಪುಕ್ಕಟೆ ಕೊಟ್ಟ ರೂಟರ್, ಅದಕ್ಕೆ ಪುಕ್ಕಟೆಯ ಅಡಾಪ್ಟರ್. ಅಲ್ಲಿಂದ ಕಿಟಕಿಯ ಚೌಕಟ್ಟಿಗೆ ತೂತು ಕೊರೆದು ಹೊರಗೆ ಹೋದ ಫೈಬರ್. ತೂತಿಗೆ ಮಳೆನೀರು ಬಾರದಿರಲೆಂದು ತುರುಕಿದ ಪ್ಲಾಸ್ಟಿಕ್ ಚೀಲ. ಫೈಬರು ಎದುರಿನ ಹೊಂಗೆಮರಕ್ಕೆ ಹಾರಿ, ಕೊಂಬೆಗೆ ಹತ್ತು ಸುತ್ತು ಸುತ್ತಿಕೊಂಡು, ಪಕ್ಕದ ಕರೆಂಟು ಕಂಬಕ್ಕೆ ಜೋತು, ಮೂಲೆಯಲ್ಲಿ ಹತ್ತಾರು ಕಂಪನಿಗಳ ಕೇಬಲ್ಲುಗಳ ಜೊತೆ ಗಂಟುಬಿದ್ದು ಫುಟ್‌ಪಾತಿನ ಮೇಲೆ ನಡೆಯುವವರ ಕೊರಳಿನ ಮಟ್ಟಕ್ಕೆ ಇಳಿದಿರುತ್ತದೆ. ಪಾಲಿಕೆಯವರೂ ಬೆಸ್ಕಾಂನವರೂ ಆಗಾಗ ಅಭಿಯಾನ ಹೂಡಿ ಅದನ್ನು ಕತ್ತರಿಸುತ್ತಾರೆ. ಮರುದಿನ ಹುಡುಗನೊಬ್ಬ ಏಣಿ ಹಾಕಿ, ಅದೇ ಕೊಂಬೆಯ ಮೇಲೆ ಅದನ್ನು ಮತ್ತೆ ಬೆಸೆಯುತ್ತಾನೆ. ಸಾವಿರಾರು ಕಿಲೋಮೀಟರ್ ಹೀಗೆ ಬಂದ ಸಂಗೀತವನ್ನು ಕೊನೆಯ ಒಂದು ಮೀಟರಿನಲ್ಲಿ ಬೆಳ್ಳಿ ಹಾಕಿ ಶುದ್ಧಿ ಮಾಡುತ್ತಾರೆ ನಮ್ಮವರು.

ಶುದ್ಧಿಯಾದ ಮೇಲೆ ಕೇಳುವುದೇನು? ರಸಿಕರಿಗೆ ಅಭಿರುಚಿಯಿಲ್ಲವೆಂದು ಯಾರೂ ಹೇಳುವಂತಿಲ್ಲ. ಗಂಗೂಬಾಯಿ ಹಾನಗಲ್ ಎಳವೆಯಲ್ಲಿ ‘ಗಾಂಧಾರಿ’ ಎಂಬ ಹೆಸರಿನಿಂದ ಎಚ್‌ಎಂವಿಗೆ ಹಾಡಿದ ತಟ್ಟೆಗಳಿವೆಯಲ್ಲ, 1930ರ ದಶಕದವು, 78 ಸುತ್ತಿನವು, ಒಂದು ಮಗ್ಗುಲಿಗೆ ಮೂರು ಚಿಲ್ಲರೆ ನಿಮಿಷ, ಅವನ್ನೇ ಹುಡುಕಿ ಹಾಕುತ್ತಾರೆ. ಕಣ್ಣು ಮುಚ್ಚಿ ಕೇಳಿ, ಹೊಸ ಕೇಬಲ್ಲಿನಿಂದ ವೇದಿಕೆ ಎಷ್ಟು ಅಗಲವಾಯಿತು ನೋಡಿ, ಸಾರಂಗಿ ಎಡಕ್ಕೆ ಕೂತಿದೆ, ತಬಲಾ ಬಲಕ್ಕೆ ಸರಿದಿದೆ ಎನ್ನುತ್ತಾರೆ. ಆ ರೆಕಾರ್ಡಿಂಗ್ ಮೋನೋ. ಎಡ ಬಲ ಎಂಬುದೇ ಅದರಲ್ಲಿಲ್ಲ. ಎರಡೂ ಸ್ಪೀಕರಿನಿಂದ ಬರುತ್ತಿರುವುದು ಒಂದೇ. ಆ ಅಸಾಧ್ಯ ಕಂಠ ಸೂಜಿಯ ಕರಕರದ ನಡುವೆಯೇ ಎದೆಗೆ ನಾಟುತ್ತದೆ, ಆ ಮಾತು ಬೇರೆ. ಅದಕ್ಕೆ ಕೇಬಲ್ಲಿನ ಶಿಫಾರಸು ಬೇಕಿಲ್ಲ.

ಇನ್ನು ಗೋಡೆಯ ಒಳಗೆ ಏನಿದೆ ಎಂಬ ಕಥೆ. ಅಸಲಿ ಹಾಸ್ಯ ಇರುವುದು ಇಲ್ಲಿ, ಹಾಗಾಗಿ ಇಲ್ಲಿ ಸ್ವಲ್ಪ ಹೊತ್ತು ಕೂರುತ್ತೇನೆ.

ಮನೆ ಕಟ್ಟಿಸುವವರು ಬಾಗಿಲಿನ ದಿಕ್ಕಿಗೆ ವಾಸ್ತುವಿನವರನ್ನು, ಅಡುಗೆಮನೆಯ ಕಪಾಟಿಗೆ ಇಂಟೀರಿಯರಿನವರನ್ನು, ಹಜಾರದ ಸೂರಿಗೆ ಪಿಒಪಿಯವರನ್ನು ಕೇಳುತ್ತಾರೆ. ರೂಟರು ಎಲ್ಲಿ, ಟಿವಿ ಎಲ್ಲಿ, ಸ್ಪೀಕರು ಎಲ್ಲಿ, ಇವುಗಳ ನಡುವೆ ತಂತಿ ಹೇಗೆ ಹೋಗಬೇಕು ಎಂಬುದನ್ನು ಮಾತ್ರ, ಗಾರೆಯವರು ಗೋಡೆ ಮುಚ್ಚುವ ದಿನ, ಚಹಾ ಕುಡಿಯುತ್ತಾ ನಿಂತ ಎಲೆಕ್ಟ್ರಿಷಿಯನ್ ಒಬ್ಬನ ಹತ್ತಿರ ತೀರ್ಮಾನಿಸುತ್ತಾರೆ.

“ಏನಪ್ಪಾ, ಈ ಇಂಟರ್‌ನೆಟ್ ವೈರಿಗೆ ಬೇರೆ ಪೈಪ್ ಹಾಕ್ಬೇಕಾ?”

“ಯಾಕ್ ಸಾರ್ ದಂಡ? ಈ ಪೈಪಲ್ಲೇ ಜಾಗ ಐತಲ್ಲ. ಕರೆಂಟೂ ವೈರೇ, ಇದೂ ವೈರೇ.”

ಸಾಹೇಬರಿಗೆ ಖುಷಿ. ಪೈಪಿನ ದುಡ್ಡು ಉಳಿಯಿತು. ಎಸಿಗೆ ಹೋಗುವ 230 ವೋಲ್ಟಿನ ತಂತಿಗೂ ಸಂಗೀತ ಹೊರುವ ತಂತಿಗೂ ಅಲ್ಲೇ ಗಾಂಧರ್ವ ವಿವಾಹವಾಯಿತು. ಇದು ಕರ್ಕಶದ ಪ್ರಶ್ನೆಯಷ್ಟೇ ಆಗಿದ್ದರೆ ಸಹಿಸಬಹುದಿತ್ತು. ಎಂದಾದರೂ ಕರೆಂಟಿನ ತಂತಿಯ ಸಿಪ್ಪೆ ಸುಲಿದರೆ 230 ವೋಲ್ಟು ನೇರವಾಗಿ ಸ್ಟ್ರೀಮರಿನ ಕಡೆಗೆ, ಅದನ್ನು ಮುಟ್ಟಿದವರ ಕಡೆಗೆ ಹೊರಡುತ್ತದೆ. ಎರಡನ್ನೂ ಒಂದೇ ಪೈಪಿನಲ್ಲಿ ಹಾಕಬಾರದೆಂಬ ಮಾತು ಹುಟ್ಟಿದ್ದು ಹಾಗೆ.

ಆ ತಂತಿಯಾದರೂ ಏನು? ಸಾಹೇಬರು ಎಲೆಕ್ಟ್ರಿಷಿಯನ್ ಕೈಗೆ ದುಡ್ಡು ಕೊಟ್ಟು ‘ಎಸ್.ಪಿ. ರೋಡಲ್ಲಿ ಯಾವುದಾದ್ರೂ ತಗೊಂಬಾ’ ಅಂದಿರುತ್ತಾರೆ. ಅವನು ಯಾವುದಾದರೂ ತಂದಿರುತ್ತಾನೆ. 305 ಮೀಟರಿನ ಡಬ್ಬಿ, ಮೇಲೆ ದೊಡ್ಡದಾಗಿ ಕ್ಯಾಟ್-6, ಭೂತಗನ್ನಡಿ ಹಿಡಿದರೆ ಕಾಣುವಂತೆ ಸಿಸಿಎ. ಅಂದರೆ ಒಳಗೆ ಅಲ್ಯೂಮಿನಿಯಂ, ಮೇಲೆ ತಾಮ್ರದ ತೆಳು ಲೇಪ. ಬ್ಲೇಡಿನಿಂದ ಕೆರೆದರೆ ಬೆಳ್ಳಗೆ ಹಲ್ಲು ಕಿರಿಯುತ್ತದೆ, ನಾಲ್ಕು ಸಲ ಬಗ್ಗಿಸಿದರೆ ಮುರಿದು ಕೈಗೆ ಬರುತ್ತದೆ. ಕ್ಯಾಟ್-6 ಎಂದು ಕರೆಸಿಕೊಳ್ಳಲು ತಂತಿ ತಾಮ್ರದ್ದೇ ಆಗಿರಬೇಕು ಎಂಬುದು ನಿಯಮ. ಡಬ್ಬಿಗೆ ಆ ನಿಯಮ ಓದಲು ಬರುವುದಿಲ್ಲ. ಈಗ ನೋಡಿ ಈ ಮನೆಯ ಸೊಗಸು: ಕಣ್ಣಿಗೆ ಕಾಣುವ ಒಂದು ಮೀಟರಿನಲ್ಲಿ ತಾಮ್ರದ ಮೇಲೆ ಬೆಳ್ಳಿಯ ಲೇಪ, ಗೋಡೆಯೊಳಗಿನ ಮೂವತ್ತು ಮೀಟರಿನಲ್ಲಿ ಅಲ್ಯೂಮಿನಿಯಂ ಮೇಲೆ ತಾಮ್ರದ ಲೇಪ.

ತುದಿ ಕಟ್ಟುವ ಕಲೆಯನ್ನು ಹತ್ತಿರದಿಂದ ನೋಡಿದವರು ಕಡಿಮೆ. ಕೇಬಲ್ಲಿನ ಒಳಗೆ ಎಂಟು ಎಳೆ, ನಾಲ್ಕು ಜೋಡಿ. ಪ್ರತಿ ಜೋಡಿಯನ್ನೂ ಹುರಿ ಮಾಡಿರುತ್ತಾರೆ. ಹೊರಗಿನ ಗಲಾಟೆ ಎರಡೂ ಎಳೆಗೆ ಸಮನಾಗಿ ತಗುಲಿ ಒಂದನ್ನೊಂದು ಹೊಡೆದುಹಾಕಲಿ ಎಂಬುದು ಉಪಾಯ. ಟೆಲಿಫೋನಿನ ಗ್ರಹಾಂ ಬೆಲ್ 1881ರಲ್ಲೇ ಇದಕ್ಕೆ ಪೇಟೆಂಟ್ ಪಡೆದಿದ್ದ. ಅಂದರೆ ರಸಿಕರು ಲಕ್ಷ ಕೊಟ್ಟು ಹುಡುಕುತ್ತಿರುವ ನಿಶ್ಶಬ್ದದ ಗುಟ್ಟು ಸಾಧಾರಣ ಕೇಬಲ್ಲಿನ ಹುರಿಯಲ್ಲೇ ಇದೆ, ಪುಕ್ಕಟೆ. ಪ್ಲಗ್ಗಿನ ಹತ್ತಿರ ಆ ಹುರಿಯನ್ನು ಬಿಚ್ಚುವುದು ಅರ್ಧ ಇಂಚು ದಾಟಬಾರದು. ನಮ್ಮ ಕುಶಲಕರ್ಮಿ ಹಲ್ಲಿನಿಂದ ಸಿಪ್ಪೆ ಕಚ್ಚಿ ಎಳೆದು, ಮೂರು ಇಂಚು ಬಿಚ್ಚಿ, ಹಿಂಡಿ ನೆಟ್ಟಗೆ ಮಾಡಿ, ಪ್ಲಗ್ಗಿಗೆ ತೂರಿಸುತ್ತಾನೆ.

ಬಣ್ಣದ ಸಾಲಿನಲ್ಲಿ ಇನ್ನೊಂದು ತಮಾಷೆ. ಬಿಳಿಕಿತ್ತಳೆ, ಕಿತ್ತಳೆ, ಬಿಳಿಹಸಿರು, ನೀಲಿ, ಬಿಳಿನೀಲಿ, ಹಸಿರು, ಬಿಳಿಕಂದು, ಕಂದು ಎಂಬುದು ಪದ್ಧತಿ. ಹಸಿರಿನ ಜೋಡಿ ನೀಲಿಯ ಜೋಡಿಯನ್ನು ನಡುವೆ ಬಿಟ್ಟುಕೊಂಡು ಮೂರನೇ ಮತ್ತು ಆರನೇ ಮನೆಯಲ್ಲಿ ಕೂರಬೇಕು. ಕಣ್ಣಿಗೆ ಇದು ತಪ್ಪು ಜೋಡಣೆಯಂತೆ ಕಾಣುತ್ತದೆ. ಆದ್ದರಿಂದ ನಮ್ಮವನು ಹಸಿರಿನ ಪಕ್ಕ ಹಸಿರು, ನೀಲಿಯ ಪಕ್ಕ ನೀಲಿ ಇಟ್ಟು ಅಂದವಾಗಿ ಜೋಡಿಸುತ್ತಾನೆ. ಕೇಳಿದರೆ, “ಎರಡೂ ಕಡೆ ಒಂದೇ ಥರ ಇದ್ರೆ ಆಯ್ತು ಸಾರ್, ನಾನ್ ಇಪ್ಪತ್ತು ವರ್ಷದಿಂದ ಹಿಂಗೇ ಮಾಡ್ತಿರೋದು.” ಟೆಸ್ಟರ್ ಚುಚ್ಚಿದರೆ ಒಂದರಿಂದ ಎಂಟರವರೆಗೆ ದೀಪಗಳು ಸಾಲಾಗಿ ಮಿನುಗುತ್ತವೆ. ಯಾಕೆಂದರೆ ಆ ಅಗ್ಗದ ಟೆಸ್ಟರಿಗೆ ಗೊತ್ತಿರುವುದು ತಂತಿ ತುಂಡಾಗಿದೆಯೇ ಇಲ್ಲವೇ ಎಂಬುದಷ್ಟೇ. ಹುರಿಯ ಜೋಡಿ ಮುರಿದಿದೆ, ಒಬ್ಬರ ಮಾತು ಇನ್ನೊಬ್ಬರ ಕಿವಿಗೆ ಸೋರುತ್ತಿದೆ ಎಂಬುದು ಅದಕ್ಕೆ ಕಾಣದು. ಕೇಬಲ್ ಉದ್ದವಾದಷ್ಟೂ ಜಗಳ ಜಾಸ್ತಿ. ಹಾಡು ಕಡಿಯುತ್ತದೆ, ಕೂಡುತ್ತದೆ, ಮತ್ತೆ ಕಡಿಯುತ್ತದೆ. ರಸಿಕರು ಸ್ಟ್ರೀಮರನ್ನು ಶಂಕಿಸಿ ಅದಕ್ಕಿಂತ ದುಬಾರಿಯದನ್ನು ತರಿಸುತ್ತಾರೆ. ಎಲೆಕ್ಟ್ರಿಷಿಯನ್ನನ್ನು ಬೈಯುವುದೂ ಪೂರ್ತಿ ನ್ಯಾಯವಲ್ಲ ಬಿಡಿ. ಅವನಿಗೆ ಪಾಯಿಂಟಿಗಿಷ್ಟು ಎಂದು ಚೌಕಾಸಿ ಮಾಡಿದವರು, ಕೇಬಲ್ಲಿನವನ ಹತ್ತಿರ ಒಂದು ರೂಪಾಯಿ ಚೌಕಾಸಿ ಮಾಡಿಲ್ಲ.

ಹಜಾರದ ವಿಷಯ ಎತ್ತಿದರೆ ಜಗಳವೇ ಆಗುತ್ತದೆ, ಆದರೂ ಎತ್ತುತ್ತೇನೆ. ನೆಲಕ್ಕೆ ಕನ್ನಡಿಯಂಥ ಟೈಲ್ಸು, ಒಂದು ಗೋಡೆ ಪೂರ್ತಿ ಗಾಜು, ಇನ್ನೊಂದಕ್ಕೆ ಗ್ರಾನೈಟು. ಚಪ್ಪಾಳೆ ತಟ್ಟಿದರೆ ಐದು ಚಪ್ಪಾಳೆ ವಾಪಸ್ ಬರುತ್ತದೆ. ಸ್ಪೀಕರಿನಿಂದ ಹೊರಟ ಸ್ವರ ಗೋಡೆಯಿಂದ ಗೋಡೆಗೆ ಚೆಂಡಾಡಿಸಿಕೊಂಡು ಕಿವಿಗೆ ಬರುವಾಗ ಯಾವ ರಾಗದ ಸ್ವರ ಎಂಬುದೇ ಮರೆತಿರುತ್ತದೆ. ನವಲಗುಂದದಲ್ಲಿ ಹೆಣ್ಣುಮಕ್ಕಳು ಕೈಯಿಂದ ನೇಯುವ ಜಮಖಾನೆಗಳಿವೆ, ಭೌಗೋಳಿಕ ಸೂಚಿಯ ಮಾನ್ಯತೆ ಪಡೆದವು. ಅಂಥದೊಂದನ್ನು ಹಾಸಿ, ಗಾಜಿಗೆ ದಪ್ಪ ಪರದೆ ಇಳಿಬಿಟ್ಟು, ಹಿಂದಿನ ಗೋಡೆಗೆ ಪುಸ್ತಕದ ಕಪಾಟು ಇಟ್ಟರೆ ಆಗುವ ವ್ಯತ್ಯಾಸವನ್ನು ಕಣ್ಣಿಗೆ ಬಟ್ಟೆ ಕಟ್ಟಿಯೂ ಕೇಳಬಹುದು. ಆದರೆ ಜಮಖಾನೆಗೆ ಬಾಣದ ಗುರುತಿಲ್ಲ. ಪುಸ್ತಕದ ಕಪಾಟಿಗೆ ಪುಸ್ತಕ ಬೇರೆ ಕೊಳ್ಳಬೇಕು.

ಇಷ್ಟೆಲ್ಲ ಹೇಳಿದ್ದು ತಂತಿ ಮುಖ್ಯವಲ್ಲ ಎನ್ನುವುದಕ್ಕಲ್ಲ. ತಂತಿಯ ಮೇಲೆ ಹೊಟ್ಟೆಪಾಡು ನಡೆಸುವವರನ್ನು ನೋಡಿ. ದೊಡ್ಡ ಸಂಗೀತ ಕಛೇರಿಗಳಲ್ಲಿ, ಸ್ಟುಡಿಯೋಗಳಲ್ಲಿ ಈಗ ಬಹಳ ಕಡೆ ನಡೆಯುವುದು ಡಾಂಟೆ ಎಂಬ ಏರ್ಪಾಡು, 2006ರಲ್ಲಿ ಆಸ್ಟ್ರೇಲಿಯಾದ ಸಿಡ್ನಿಯಲ್ಲಿ ಶುರುವಾದ ಆಡಿನೇಟ್ ಕಂಪನಿಯದು. ಹಿಂದೆ ವೇದಿಕೆಯಿಂದ ಮಿಕ್ಸರಿಗೆ ಹೆಬ್ಬಾವಿನ ಗಾತ್ರದ ತಾಮ್ರದ ಕಟ್ಟು ಎಳೆಯುತ್ತಿದ್ದರು. ಈಗ ಒಂದು ಗಿಗಾಬಿಟ್ ಕೇಬಲ್ಲಿನಲ್ಲಿ ಹೋಗಲು 512, ಬರಲು 512 ಚಾನೆಲ್. ಅಲ್ಲಿ ಹಾಡನ್ನು ಕೂಡಿಟ್ಟುಕೊಳ್ಳಲು ಪುರುಸೊತ್ತಿಲ್ಲ. ಗಾಯಕಿ ಬಾಯಿ ತೆರೆದ ಒಂದೆರಡು ಮಿಲಿಸೆಕೆಂಡಿನಲ್ಲಿ ದನಿ ಮಿಕ್ಸರು ಸೇರಬೇಕು. ಅಂಥ ಕಡೆ ಬಳಸುವುದು ಅದೇ ತಾಮ್ರದ ಕ್ಯಾಟ್-5ಇ, ಕ್ಯಾಟ್-6. ಅವರು ತಲೆಕೆಡಿಸಿಕೊಳ್ಳುವುದೇ ಬೇರೆ ವಿಷಯಗಳಿಗೆ. ಒಂದು ಓಟ ನೂರು ಮೀಟರ್ ದಾಟಿತೇ, ಎಲ್ಲ ಉಪಕರಣಗಳ ಗಡಿಯಾರ ಕೂಡಿ ನಡೆಯುತ್ತಿದೆಯೇ, ಸ್ವಿಚ್ಚಿನ ವಿದ್ಯುತ್ ಉಳಿತಾಯದ ಆಯ್ಕೆ ಆಫ್ ಆಗಿದೆಯೇ, ಒಂದು ದಾರಿ ಕೆಟ್ಟರೆ ಎರಡನೆಯ ದಾರಿ ಇದೆಯೇ. ದುಬಾರಿ ಲೋಹದ ಪ್ಲಗ್ಗನ್ನೂ ಕೊಳ್ಳುತ್ತಾರೆ, ಯಾರಾದರೂ ಎಡವಿದರೆ ಕಳಚದಿರಲಿ ಎಂದು. ನಿಮ್ಮ ಹಜಾರದ ಬೆಳ್ಳಿಯ ಕೇಬಲ್ಲಿನ ಬಾಯಿಗೆ ಬರುವ ಹೊಸ ರೆಕಾರ್ಡಿಂಗುಗಳಲ್ಲಿ ಎಷ್ಟೋ ಹುಟ್ಟಿದ್ದೇ ಮೀಟರಿಗೆ ಮೂವತ್ತು ರೂಪಾಯಿ ಆಸುಪಾಸಿನ ಇಂಥ ತಂತಿಯಲ್ಲಿ.

ಇದೇ ತಂತ್ರ ಸರ್ಕಾರಿ ಸಭಾಂಗಣಕ್ಕೆ ಬಂದಾಗ ಟೆಂಡರಿನ ಪ್ರಸಾದವಾಗುತ್ತದೆ. ಅತಿ ಕಡಿಮೆ ದರ ಬರೆದವನಿಗೆ ಕೆಲಸ, ಅತಿ ಕಡಿಮೆ ದರಕ್ಕೆ ಸಿಕ್ಕುವುದು ಸಿಸಿಎ. ನಕ್ಷೆಯಲ್ಲಿ ತೊಂಬತ್ತು ಮೀಟರ್ ಇದ್ದ ದಾರಿ, ತೊಲೆ ಸುತ್ತಿ, ಎಸಿ ಕೊಳವೆ ಬಳಸಿ ನೂರಿಪ್ಪತ್ತಾಗಿರುತ್ತದೆ. ಉದ್ಘಾಟನೆಯ ದಿನ ದೀಪ ಬೆಳಗಿ, ಗಣ್ಯರು ಮಾತಿಗೆ ನಿಂತರೆ ಮೂರು ಪದಕ್ಕೊಂದು ಪದವನ್ನು ಸ್ಪೀಕರು ನುಂಗುತ್ತದೆ. ಸಭಿಕರಿಗೆ ಅದರಿಂದ ನಷ್ಟವಾದ ನಿದರ್ಶನ ಕಡಿಮೆ. ತೊಂದರೆಯಾಗುವುದು ಮರುದಿನ ಅದೇ ವೇದಿಕೆಯಲ್ಲಿ ಹಾಡಲು ಕೂತವರಿಗೆ.

ಮನೆ ಕಟ್ಟಿಸುತ್ತಿರುವವರಿಗೆ ಒಂದು ಮಾತು. ಗಾರೆ ಬೀಳುವ ಮುಂಚೆ ಕರೆಂಟಿನ ಪೈಪಿನಿಂದ ದೂರ ಇನ್ನೊಂದು ಒಂದಿಂಚಿನ ಪೈಪು ಹಾಕಿಸಿ, ಒಳಗೊಂದು ನೈಲಾನ್ ಹಗ್ಗ ಬಿಟ್ಟಿರಿ. ರೂಟರಿರುವ ಕಡೆಯಿಂದ ಪ್ರತಿ ಕೋಣೆಗೂ ನೇರ ಒಂದೊಂದು ಓಟ ಇರಲಿ. ಡಬ್ಬಿಯ ಮೇಲೆ ಸಿಸಿಎ ಎಂದಿದ್ದರೆ ಅಂಗಡಿಯಲ್ಲೇ ಬಿಟ್ಟು ಬನ್ನಿ. ಕೆಲಸ ಮುಗಿಯಿತು ಎಂದಾಗ ಲ್ಯಾಪ್‌ಟಾಪ್ ಜೋಡಿಸಿ, ಗಿಗಾಬಿಟ್ ವೇಗ ತೋರಿಸುತ್ತದೆಯೇ ಎಂದು ಪ್ರತಿ ಪಾಯಿಂಟಿನಲ್ಲೂ ನೋಡಿ. ಎರಡೂ ತುದಿಗೆ ಯಾವ ಕೋಣೆಯದೆಂದು ಚೀಟಿ ಅಂಟಿಸದ ಕೇಬಲ್ಲಿಗೆ ದುಡ್ಡು ಕೊಡಬೇಡಿ.